ನಮ್ಮ ಅತ್ತೆ ವರ್ಷಕ್ಕಾಗುವಷ್ಟು ಮಾಡಿಟ್ಟದ್ದು

ಬೇಸಿಗೆ ಬಂತೆಂದರೆ ನಮ್ಮ ಅತ್ತೆ ವರ್ಷಕ್ಕೆ ಬೇಕಾದ ಸಂಡಿಗೆ, ಖಾರ, ಚಟ್ನಿಪುಡಿ ಎಲ್ಲ ಮಾಡಿಡುತ್ತಿದ್ದರು. ಅವು ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ. ಅವುಗಳಿಂದ ನಮ್ಮ ಮರ್ಯಾದೆ ಮಾತ್ರ ಯಾವ ಗಳಿಗೆಯಲ್ಲಾದರೂ ಕೆಟ್ಟೀತು ಅನ್ನುವ ಭಯದಲ್ಲೇ ನಾನು ಸಂಸಾರ ಮಾಡಿದೆ.

ಮಾಳಿಗೆಯ ಧೋತರ

ನನ್ನ ಗಂಡ ಆಗ ದೇವದುರ್ಗದಲ್ಲಿ ಮಾಸ್ತರು. ಒಂದು ಮುಂಜಾನೆ, ಇನ್‌ಸ್ಪೆಕ್ಟರ್ ಸಾಹೇಬರು ಹೇಳದೆ ಕೇಳದೆ ಶಾಲೆಗೆ ಬಂದಿದ್ದಾರೆಂದು ಸುದ್ದಿ ಬಂತು. ನೋಡಿದರೆ ಇವರ ಒಂದು ಧೋತರ ಅಗಸರ ಮನೆಯಲ್ಲಿ. ಇನ್ನೊಂದನ್ನು ಅತ್ತೆ ಹಳೆಯದೆಂದುಕೊಂಡು ಮಾಳಿಗೆ ಮೇಲೆ ಹಾಸಿ, ಹಿಂದಿನ ದಿನವೇ ಅಕ್ಕಿ ಸಂಡಿಗೆ ಇಟ್ಟಿದ್ದರು. ಇನ್ನೂ ಅರೆಬರೆ ಒಣಗಿತ್ತು. ಅತ್ತೆ, ನಾನು ಇಬ್ಬರೂ ಕೂತು ಕಿತ್ತೆವು. ಕೆಲವು ಏನು ಮಾಡಿದರೂ ಬಿಡಲಿಲ್ಲ. ಇವರು ಅಂಟಿದ ಭಾಗವನ್ನು ಹಿಂದಕ್ಕೆ ಮಾಡಿ ಉಟ್ಟುಕೊಂಡು ಓಡಿದರು.

ಸಂಜೆ ಸುದ್ದಿ ತಿಳಿಯಿತು. ಇವರು ಗೋಡೆಗೆ ಬೆನ್ನು ಹಚ್ಚಿ ನಿಂತೇ ಪಾಠ ಮಾಡಿದರಂತೆ. ಬೋರ್ಡಿನ ಮೇಲೆ ಬರೆಯುವುದಿದ್ದರೆ ಹುಡುಗರನ್ನೇ ಕರೆದರಂತೆ. ಸಾಹೇಬರು ಹೊರಡುವಾಗ ಉಳಿದ ಮಾಸ್ತರರನ್ನು ಕೂಡಿಸಿ ಹೇಳಿದರಂತೆ: "ಪಾಠ ಅಂದ್ರ ಹಿಂಗ ಮಾಡಬೇಕ್ರಿ. ಈ ಮನಷ್ಯಾ ಒಂದ್ಸಲಾನೂ ಹುಡುಗರ ಕಡಿ ಬೆನ್ನು ತಿರುಗಿಸಲಿಲ್ಲ."

ಬೀಗತಿ ಮತ್ತು ಖಾರದ ಡಬ್ಬಿ

ಮಾನ್ವಿಗೆ ವರ್ಗವಾದಾಗ ನನ್ನ ನಾದಿನಿಯ ಮದುವೆಯಾಯಿತು. ಗಂಡಿನ ಊರು ರಾಯಚೂರು. ಹೆಣ್ಣು ಕಳಿಸಲು ಎಲ್ಲರೂ ಒಂದೇ ಬಸ್ಸಿನಲ್ಲಿ ಹೊರಟೆವು. ತವರು ಬಿಡುವಾಗ ನಾದಿನಿ ಒಂದು ಹನಿಯೂ ಕಣ್ಣೀರು ಹಾಕಲಿಲ್ಲ. ತವರಿನ ಮ್ಯಾಲೆ ಅಂತಃಕರಣ ಇಲ್ಲದಾಕಿ ನಮ್ಮ ಮನಿಗೆ ಏನು ಜೀವ ಹಚ್ಚತಾಳ ಅಂತ ಬೀಗತಿ ಎಲ್ಲರಿಗೂ ಕೇಳುವಂತೆ ಆಡತೊಡಗಿದರು. ಅತ್ತೆಯ ಮುಖ ಬಿಗಿಯಿತು. ಮಗಳನ್ನು ಚಿವುಟಿ ನೋಡಿದರು, ಅವಳು ಸರಿದು ಕೂತಳು.

ಅರ್ಧ ದಾರಿಯಲ್ಲಿ ಬಸ್ಸು ಒಂದು ತಗ್ಗಿಗೆ ಇಳಿದು ಎದ್ದಿತು. ಮೇಲಿಟ್ಟಿದ್ದ ಹೊಸ ಮಸಾಲೆಖಾರದ ಡಬ್ಬಿ ಉರುಳಿ ಬಾಯಿ ಬಿಚ್ಚಿತು. ಕೆಮ್ಮು, ಸೀನು. ಡ್ರೈವರ್ ಬಸ್ಸು ನಿಲ್ಲಿಸಿ ಕಣ್ಣೊರೆಸುತ್ತ ಕೆಳಗಿಳಿದ. ನಾದಿನಿ ತಾಯಿಯ ಹೆಗಲ ಮೇಲೆ ಬಿದ್ದು ಗಳಗಳ ಅಳುತ್ತಿದ್ದಳು.

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಬೀಗತಿಗೆ ಹೇಳಿದರು: "ನೋಡ್ರಿ, ನನ್ನ ಮಗಳ ಸಂಕಟ ನೋಡಲಾರದ ಡ್ರೈವರ್ ಸೈತ ಅಳಾಕತ್ತಾನ."

ಹಿಂಡಿ

ನಾವೂ ರಾಯಚೂರಿಗೆ ವರ್ಗವಾಗಿ ಬಂದಾಗ ಎಪ್ಪತ್ತರ ದಶಕದ ನಡುಭಾಗ. ಕಾಳುಕಡಿ ಕೂಡಿಟ್ಟವರ ಮನೆಗಳನ್ನು ಸರ್ಕಾರದವರು ಶೋಧಿಸುತ್ತಿದ್ದ ಕಾಲ. ನಮ್ಮ ಕೋಣೆ ತುಂಬ ಬಾಯಿ ಕಟ್ಟಿದ ಭರಣಿಗಳಿವೆ ಅಂತ ಯಾರೋ ಹೇಳಿಬಿಟ್ಟಿದ್ದರು. ಒಂದು ಮಧ್ಯಾಹ್ನ ಒಬ್ಬ ಸಾಹೇಬರು ಪೊಲೀಸನೊಂದಿಗೆ ಬಂದರು. ಸಾಹೇಬರು ಮೈಸೂರು ಕಡೆಯವರು, ಹೊಸಬರು. ಮನೆಯಲ್ಲಿ ಅತ್ತೆ, ನಾನು ಇಬ್ಬರೇ. ಇವರ ನೌಕರಿಗೆ ಕುತ್ತು ಬಂತೆಂದುಕೊಂಡೆ.

ಸಾಹೇಬರು ಸಾಲಾಗಿದ್ದ ಭರಣಿಗಳನ್ನು ತೋರಿಸಿ, ಏನಿದೆ ಅಂತ ಕೇಳಿದರು.

"ಹಿಂಡಿ ಅದರೀ," ಅಂದರು ಅತ್ತೆ.

ಶೇಂಗಾ, ಗುರೆಳ್ಳು ಕುಟ್ಟಿ ಮಾಡಿದ ಚಟ್ನಿಪುಡಿಗೆ ನಮ್ಮ ಕಡೆ ಹಿಂಡಿ ಅನ್ನುತ್ತಾರೆ. ಸಾಹೇಬರಿಗೆ ಗೊತ್ತಿದ್ದದ್ದು ದನಕ್ಕೆ ಹಾಕುವ ಹಿಂಡಿ ಒಂದೇ. ಅವರು ಹಿತ್ತಲಿಗೆ ಹೋಗಿ ನೋಡಿ ಬಂದು ಒಂದು ಭರಣಿ ಕೈಗೆತ್ತಿಕೊಂಡರು.

"ದನ ಎಲ್ಲಿವೆ?"

"ದನ ಇಲ್ಲರೀ."

"ಮತ್ತೆ ಇಷ್ಟು ಹಿಂಡಿ ಯಾರು ತಿಂತಾರೆ?"

"ನಾವ ತಿಂತೀವ್ರಿ. ನಾನು, ಮಗ, ಸೊಸಿ. ಮಗಗಂತೂ ದಿನಾ ಎರಡೂ ಹೊತ್ತು ಬೇಕು."

ನಮ್ಮ ಕಡೆಯವನೇ ಆದ ಪೊಲೀಸ ಮೀಸೆ ಕಚ್ಚಿಕೊಂಡು ಗೋಡೆ ನೋಡುತ್ತ ನಿಂತ. ಸಾಹೇಬರು ನನ್ನ ಮುಖ ನೋಡಿದರು, ಅತ್ತೆಯ ಮುಖ ನೋಡಿದರು. ಕೈಯಲ್ಲಿದ್ದ ಭರಣಿಯನ್ನು ಸಪ್ಪಳಾಗದಂತೆ ಕೆಳಗಿಟ್ಟರು. ಹೊರಗೆ ಹೋಗಿ ಪೊಲೀಸನಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು:

"ಇಲ್ಲಿಂದ ಏನೂ ತಗೊಂಡು ಹೋಗೋದು ಬೇಡ. ಮೊದಲು ಈ ಮನೆಗೆ ಒಂದು ಚೀಲ ಜೋಳ ಕೊಡಿಸೋಕಾಗುತ್ತಾ ನೋಡಿ."