ಹದಿನೇಳನೇ ಮಹಡಿಯ ಪರಿಶೀಲನೆ

ಗುಂಡಿ ಒತ್ತಿದರೆ ಮನುಷ್ಯನನ್ನು ಒಂದು ಮಹಡಿಯಿಂದ ಮೇಲಿನ ಮಹಡಿಗೆ ಒಯ್ಯುವ ಯಂತ್ರಕ್ಕೆ ಲಿಫ್ಟ್ ಎಂದು ಹೆಸರು. ಇದು ನಮ್ಮ ಯಂತ್ರ ಪರಿಶೀಲನಾ ಕಚೇರಿಯ ನಿಯಮಾವಳಿಯ ಮೂರನೇ ಪುಟದಲ್ಲಿದೆ. ಆ ಮನುಷ್ಯ ಎಷ್ಟು ಎತ್ತರದವನಿರಬೇಕು ಎಂದು ಅಲ್ಲಿ ಹೇಳಿಲ್ಲ. ಆದಕಾರಣ ಎರಡು ಬೆರಳು ಎತ್ತರದ ಮನುಷ್ಯನೂ ಮನುಷ್ಯನೇ ಎಂದು ಕಡತದಲ್ಲಿ ಟಿಪ್ಪಣಿ ಬರೆದವನು ನಾನು, ಅಂದರೆ ಸದರಿ ಕಚೇರಿಯ ಗುಮಾಸ್ತ. ಈ ಟಿಪ್ಪಣಿಯಿಂದ ಯಾರಿಗೂ ತೊಂದರೆಯಾಗಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆಗಿದೆ ಎನ್ನುವವರು ಒಬ್ಬರಿದ್ದಾರೆ. ಅವರು ಅರ್ಜಿದಾರರ ಹೆಂಡತಿ, ಹೊಲಿಗೆ ಕೆಲಸದವರು, ಬಾಯಿ ಸ್ವಲ್ಪ ಜೋರು.

ಅರ್ಜಿದಾರರು ಲಿಫ್ಟ್ ಮೆಕ್ಯಾನಿಕ್. ಇಂಥ ಮನುಷ್ಯನನ್ನು ನಮ್ಮ ಕಚೇರಿ ಅದುವರೆಗೆ ಕಂಡಿರಲಿಲ್ಲ. ಸುರಕ್ಷತಾ ಪ್ರಮಾಣಪತ್ರ ತೂಗುಹಾಕದ ಯಂತ್ರದ ಗುಂಡಿಯನ್ನು ಅವರು ಮುಟ್ಟುವುದಿಲ್ಲ. ಮನೆಗೆ ಮಿಕ್ಸಿ ಬಂದಾಗ ಅದರ ಗ್ಯಾರಂಟಿ ಕಾರ್ಡಿಗೆ ಕಟ್ಟು ಹಾಕಿಸಿ ಅಡುಗೆಮನೆಯ ಗೋಡೆಗೆ ಮೊಳೆ ಹೊಡೆದ ಮೇಲೆಯೇ ಅದನ್ನು ತಿರುಗಿಸಿದ್ದಂತೆ. ಎಲ್ಲರೂ ಹೀಗಿದ್ದರೆ ದೇಶ ಎಲ್ಲಿರುತ್ತಿತ್ತು ಎಂದು ನಾನು ಹಲವು ಸಲ ಯೋಚಿಸಿದ್ದೇನೆ.

ಈ ಮೆಕ್ಯಾನಿಕ್ಕರಿಗೆ ಇಪ್ಪತ್ತು ವರ್ಷವಾಗಿದ್ದಾಗ ಬಸ್ ನಿಲ್ದಾಣದ ಹಿಂದೆ ಒಂದು ವಿಡಿಯೋ ಗೇಮ್ ಅಂಗಡಿಯಿತ್ತು. ಅಲ್ಲೊಂದು ಆಟ. ಹದಿನೇಳು ಮಹಡಿಯ ಗೋಪುರ. ಒಬ್ಬ ಪುಟ್ಟ ಮನುಷ್ಯ ಹತ್ತಿಕೊಂಡು ಹೋಗಬೇಕು. ಕಿಟಕಿಗಳಿಂದ ಜನ ಅವನ ತಲೆಯ ಮೇಲೆ ಹೂಕುಂಡ ಎಸೆಯುತ್ತಾರೆ. ಹದಿನೇಳನೇ ಮಹಡಿಯಲ್ಲಿ ಒಂದು ಹಳದಿ ಬಾಗಿಲು. ಒಂದು ಸಂಜೆ ನಮ್ಮ ಮೆಕ್ಯಾನಿಕ್ ಆ ಬಾಗಿಲ ಮುಂದೆ ನಿಂತಾಗ ಕರೆಂಟು ಹೋಯಿತು. ಮಾರನೇ ವಾರ ಅಂಗಡಿಯೂ ಹೋಯಿತು. ಬಾಗಿಲ ಹಿಂದೆ ಏನಿದೆ ಎಂಬ ಪ್ರಶ್ನೆ ಇಪ್ಪತ್ತೆಂಟು ವರ್ಷ ಅವರ ತಲೆಯಲ್ಲಿ ಹಾಗೇ ಕೂತಿತ್ತು. ಮದುವೆಯಾಗಿ ಮೂರನೇ ದಿನ ಹೆಂಡತಿಗೆ ಹೇಳಿದ ಮೊದಲ ಗುಟ್ಟೂ ಅದೇ.

ಎರಡು ವರ್ಷದ ಹಿಂದೆ ಗುಜರಿ ಅಂಗಡಿಯಲ್ಲಿ ಅವರಿಗೆ ಆ ಆಟದ ಬೋರ್ಡು ಸಿಕ್ಕಿತು. ತಟ್ಟೆಯಗಲದ ಹಸಿರು ಹಲಗೆ, ಮೇಲೆಲ್ಲಾ ಕಪ್ಪು ಎಲೆಕ್ಟ್ರಾನಿಕ್ ಚಿಪ್ಪುಗಳು. ಆಟದ ಜೀವವೆಲ್ಲ ಅದರಲ್ಲೇ ಇರುತ್ತದೆ. ಅಂಗಡಿಯಲ್ಲಿ ಕಾಣುವ ದೊಡ್ಡ ಪೆಟ್ಟಿಗೆ ಬರೀ ಮೈ.

"ಈ ಆಟ ಫೋನಲ್ಲೇ ಸಿಗುತ್ತಂತಲ್ರೀ, ಪುಕ್ಕಟೆ," ಎಂದರು ಹೆಂಡತಿ.

"ಅದು ನಕಲು ಕಣೇ. ನಾನು ಸೋತಿದ್ದು ಇದರ ಹತ್ರ."

ಮೈ ಕಟ್ಟಲು ಐದು ತಿಂಗಳು ಹಿಡಿಯಿತು. ಬೋರ್ಡಿನ ಅಂಚಿನಲ್ಲಿ ಐವತ್ತಾರು ಹಲ್ಲುಗಳು. ಯಾವುದು ಬಣ್ಣಕ್ಕೆ, ಯಾವುದು ಸದ್ದಿಗೆ, ಯಾವುದು ಗುಂಡಿಗೆ ಎಂದು ಮೀಟರು ಹಿಡಿದು ಒಂದೊಂದನ್ನೇ ಹುಡುಕಿ ತಂತಿ ಬೆಸೆದರು. ಕರೆಂಟಿಗೆ ಸತ್ತ ಕಂಪ್ಯೂಟರಿನ ಪವರ್ ಸಪ್ಲೈ. ತೆಳು ಟೀವಿಯಲ್ಲಿ ಚಿತ್ರ ನಿಲ್ಲುವುದಿಲ್ಲವೆಂದು ತಿಳಿದು ಹಳೆಯ ದಪ್ಪ ಟೀವಿಯೊಂದರ ಹೊಟ್ಟೆ ಬಗೆದು ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆ ಕೊಟ್ಟರು. ಗೋಪುರ ಉದ್ದವಾದ್ದರಿಂದ ಟೀವಿಯನ್ನು ಪಕ್ಕಕ್ಕೆ ಮಲಗಿಸಿದರು. ಹೆಂಡತಿಯ ಬಟ್ಟೆ ಕತ್ತರಿಸುವ ಹಲಗೆ ಕಾಣೆಯಾಗಿ, ಮೂರು ತೂತುಗಳೊಂದಿಗೆ ಟೀವಿಯ ಮುಂದೆ ಪತ್ತೆಯಾಯಿತು. ಎಡಬಲಕ್ಕೆ ಒಂದು ಕೋಲು, ಹತ್ತುವುದಕ್ಕೆ ಹಳೇ ಲಿಫ್ಟಿನಿಂದ ಕಿತ್ತ 'ಮೇಲೆ' ಎಂಬ ಗುಂಡಿ. ಕಾಸು ಬೀಳದೆ ಆ ಬೋರ್ಡು ಆಟ ಶುರು ಮಾಡುವುದಿಲ್ಲ. ಕಾಸು ಬಿತ್ತೆಂದು ಅದನ್ನು ನಂಬಿಸಲು ಬಾಗಿಲ ಗಂಟೆಯ ಸ್ವಿಚ್ಚೊಂದನ್ನು ಕೂರಿಸಿದರು.

ಎಲ್ಲ ಸಿದ್ಧವಾಯಿತು. ಬೇರೆಯವರಾಗಿದ್ದರೆ ಸ್ವಿಚ್ಚು ಹಾಕುತ್ತಿದ್ದರು. ಇವರು ತಲೆ ಬಾಚಿಕೊಂಡು ನಮ್ಮ ಕಚೇರಿಗೆ ಬಂದರು.

"ಸಾರ್, ಒಂದು ಮಿಷನ್ ಮಾಡಿದೀನಿ. ಸರ್ಟಿಫಿಕೇಟ್ ಬೇಕಿತ್ತು."

"ಏನು ಮಾಡುತ್ತೆ?"

"ಗುಂಡಿ ಒತ್ತಿದ್ರೆ ಮನುಷ್ಯ ಮೇಲೆ ಹೋಗ್ತಾನೆ ಸಾರ್. ಹದಿನೇಳು ಮಹಡಿ."

ನಾನು ಲಿಫ್ಟಿನ ನಮೂನೆ ಕೊಟ್ಟೆ. ಪ್ರಯಾಣಿಕರ ಸಂಖ್ಯೆ: ಒಂದು. ಕಟ್ಟಡದ ಎತ್ತರ ಎಂಬಲ್ಲಿ ಅವರು ಮೂರು ಮಹಡಿ ಎಂದು ಬರೆದರು.

"ಮೂರು ಮಹಡಿ ಮನೇಲಿ ಹದಿನೇಳು ಮಹಡಿ ಲಿಫ್ಟು ಹೇಗ್ರೀ?"

"ಟೀವಿ ಒಳಗಿದೆ ಸಾರ್."

'ಒಳಾಂಗಣ ಮಾದರಿ' ಎಂದು ಷರಾ ಬರೆದೆ. ನಿಯಮ ಹನ್ನೊಂದರ ಪ್ರತಿಯೊಂದನ್ನು ಅವರ ಕೈಗಿತ್ತೆ: "ಪರಿಶೀಲನಾಧಿಕಾರಿಯು ಪ್ರತಿಯೊಂದು ಮಹಡಿಗೂ ಖುದ್ದಾಗಿ ತಲುಪಿ, ತೃಪ್ತರಾಗತಕ್ಕದ್ದು. ಕಟ್ಟಕಡೆಯ ಮಹಡಿಯ ಪರಿಶೀಲನೆ ಮುಗಿಯುವವರೆಗೆ ಸದರಿ ಯಂತ್ರವನ್ನು ಮಾಲೀಕನು ಚಲಾಯಿಸತಕ್ಕದ್ದಲ್ಲ." ಅವರು ಎರಡು ಸಲ ಓದಿ, ಇದೇ ಸರಿ ಎಂದು ತಲೆಯಾಡಿಸಿದರು.

ನಮ್ಮ ಕಚೇರಿಯ ಸಾಹೇಬರೊಬ್ಬರು ಆಗ ಮುಟ್ಟುಗೋಲು ಹಾಕಿದ ತೂಕದ ಕಲ್ಲುಗಳ ಗೋದಾಮಿನಲ್ಲಿ ಅಧಿಕಾರಿಯಾಗಿದ್ದರು. ನೆಲಮಾಳಿಗೆ, ಕಿಟಕಿಯಿಲ್ಲ. ಖಾಲಿ ಇದ್ದವರು ಅವರೊಬ್ಬರೇ ಆದ್ದರಿಂದ ಪರಿಶೀಲನೆಗೆ ಅವರನ್ನೇ ನೇಮಿಸಲಾಯಿತು. ನಾನೂ ವರದಿ ಬರೆಯಲು ಹೋದೆ. ಮೆಕ್ಯಾನಿಕ್ ತಮ್ಮ ಮನೆಯ ಗೋಡೆಗೆ ಒರಗಿ, ಕೈ ಹಿಂದೆ ಕಟ್ಟಿಕೊಂಡು ನಿಂತರು. ಮೊದಲ ದಿನದ ವರದಿಯನ್ನು ಇದ್ದದ್ದು ಇದ್ದ ಹಾಗೆ ಕೊಡುತ್ತೇನೆ:

"ಬೆಳಗ್ಗೆ ಹನ್ನೊಂದಕ್ಕೆ ಯಂತ್ರ ಚಾಲನೆಗೊಂಡಿತು. ಒಂದನೇ ಮಹಡಿಯಲ್ಲಿ ಹೂಕುಂಡ ಬಿದ್ದು ಅಧಿಕಾರಿಯವರು ತೀರಿಕೊಂಡರು. ಪುನಃ ಎರಡು ಬಾರಿ ತೀರಿಕೊಂಡರು. ಗಾಯಗಳಿಲ್ಲ. ಊಟದ ನಂತರ ಪರಿಶೀಲನೆ ಮುಂದುವರಿಯಿತು. ಅಧಿಕಾರಿಯವರು ಒಟ್ಟು ನಲವತ್ತೆರಡು ಬಾರಿ ತೀರಿಕೊಂಡು ಐದು ಗಂಟೆಗೆ ಮನೆಗೆ ತೆರಳಿದರು."

ಎರಡನೇ ವಾರದಲ್ಲಿ ಮೆಕ್ಯಾನಿಕ್ಕರ ನಡುಮನೆಯೇ ಶಾಖಾ ಕಚೇರಿಯಾಯಿತು. ಎರಡು ಮೇಜು, ಒಂದು ಬೀರು, ಒಬ್ಬ ಜವಾನ. ಕಿಟಕಿಯಿಂದ ತಣ್ಣನೆ ಗಾಳಿ. ಅಲ್ಲಿಯ ತನಕ ರವಾನೆ ವಿಭಾಗದಲ್ಲಿ ಲಕೋಟೆಗೆ ಅಂಟು ಹಚ್ಚುತ್ತಿದ್ದ ನಾನು ಶಾಖೆಯ ಮುಖ್ಯಸ್ಥನಾದೆ. ಬಾಗಿಲಿಗೆ ಪ್ರಕಟಣೆ ಅಂಟಿಸಿದೆವು: "ಬಟ್ಟೆ ಹೊಲಿಸಲು ಬರುವ ಸಾರ್ವಜನಿಕರು ಜವಾನರಿಂದ ಚೀಟಿ ಪಡೆದು ಒಳಬರತಕ್ಕದ್ದು. ಮನೆಯವರಿಗೂ ಇದು ಅನ್ವಯಿಸುತ್ತದೆ."

"ನನ್ನ ಅಡುಗೆಮನೆಗೆ ಹೋಗೋಕೆ ನನಗೇ ಚೀಟಿನಾ?" ಎಂದು ಹೆಂಡತಿ ಸೊಂಟಕ್ಕೆ ಕೈ ಕೊಟ್ಟರು.

"ಹೋಗುವಾಗ ಮಾತ್ರ ತಾಯಿ. ಬರುವಾಗ ಬೇಡ," ಎಂದೆ. ನಾವೇನು ಕಲ್ಲು ಮನಸ್ಸಿನವರಲ್ಲ.

ಯಂತ್ರಕ್ಕೆ ಮೊಹರಿನ ಏರ್ಪಾಡೂ ಆಯಿತು. ದಪ್ಪ ಬಟ್ಟೆಯ ಮುಸುಕು; ಊಟಕ್ಕೆ ಹೋಗುವಾಗ ಒಂದು ಗಂಟೆಗೆ, ಮನೆಗೆ ಹೋಗುವಾಗ ಐದು ಗಂಟೆಗೆ ಕೆಂಪು ದಾರದಲ್ಲಿ ಸುತ್ತ ಹೊಲಿಯಬೇಕು; ಮತ್ತೆ ಬಂದಾಗ ಬಿಚ್ಚಬೇಕು. ಹೊಲಿಗೆ ಬಲ್ಲವರು ಸ್ಥಳದಲ್ಲೇ ಲಭ್ಯರಿದ್ದ ಕಾರಣ ಆ ಕೆಲಸವನ್ನು ಹೆಂಡತಿಗೇ ವಹಿಸಿದೆವು. ಅವರು ಗೊಣಗಿದರು, ಆದರೆ ಹೊಲಿದರು. ಮೆಕ್ಯಾನಿಕ್ ಸಂಜೆ ಕೆಲಸದಿಂದ ಬಂದು ಮುಸುಕಿನ ಮುಂದೆ ಚಹಾ ಕುಡಿಯುತ್ತಾ ಕೂರುತ್ತಿದ್ದರಂತೆ. ಒಂದು ದಿನವೂ ದಾರ ಮುಟ್ಟಲಿಲ್ಲ.

ಹನ್ನೊಂದು ತಿಂಗಳಲ್ಲಿ ಸಾಹೇಬರು ಎರಡನೇ ಮಹಡಿ ತಲುಪಿದರು. ನಾವು ತೃಪ್ತರಿದ್ದೆವು. ಆದರೆ ಮೇಲಿನ ಕಚೇರಿಗೆ ಹೊಟ್ಟೆಯುರಿ. "ಹನ್ನೊಂದು ತಿಂಗಳಿಗೆ ಎರಡೇ ಮಹಡಿ? ಪ್ರಗತಿ ತೋರಿಸಿ, ಇಲ್ಲವೇ ಗೋದಾಮಿಗೆ ಹಿಂತಿರುಗಿ," ಎಂದು ಕಾಗದ ಬಂತು. ಅದನ್ನೋದಿ ಸಾಹೇಬರ ಮುಖ ಬಿಳುಚಿಕೊಂಡಿತು.

ನಿಯಮ ಇಪ್ಪತ್ತೆರಡು ನೆನಪಿಸಿಕೊಟ್ಟವನು ನಾನೇ. ಅಧಿಕಾರಿಯ ಕೈ ಉಳುಕಿದ್ದರೆ ಇನ್ನೊಬ್ಬರ ಕೈಯನ್ನು ಬಳಸಬಹುದು. ಅಧಿಕಾರಿಯು ಆ ವ್ಯಕ್ತಿಯ ಭುಜದ ಮೇಲೆ ಒಂದು ಬೆರಳಿಟ್ಟಿರಬೇಕು, ಅಷ್ಟೆ. ಸಾಹೇಬರು ಅಂದೇ ಕೈ ಉಳುಕಿಸಿಕೊಂಡರು. ಮೆಕ್ಯಾನಿಕ್ಕರನ್ನು 'ಅಧಿಕೃತ ಕೈ' ಹುದ್ದೆಗೆ ನೇಮಿಸಿದೆವು. ಅವರು ಲಿಫ್ಟ್ ಕಂಪನಿಯ ಕೆಲಸ ಬಿಟ್ಟು ಓಡಿಬಂದರು.

"ಸಾರ್, ಇದು ನಾನು ಆಡಿದ ಹಾಗಾಗಲ್ಲ ತಾನೇ?"

"ಇಲ್ಲ. ನೀವು ಬರೀ ಕೈ. ಆಡೋದು ನಾನು," ಎಂದು ಸಾಹೇಬರು ಭುಜದ ಮೇಲೆ ಬೆರಳಿಟ್ಟರು.

ಹನ್ನೊಂದು ಗಂಟೆಗೆ ಶುರುವಾಯಿತು. ಹನ್ನೊಂದು ಹತ್ತಕ್ಕೆ ಮೂರನೇ ಮಹಡಿ. ಜವಾನ ಚಪ್ಪಾಳೆ ತಟ್ಟಿದ. ಹನ್ನೊಂದು ಮುಕ್ಕಾಲಿಗೆ ಒಂಬತ್ತು. ಸಾಹೇಬರು ಮೀಸೆ ತಿರುವಿದರು. ಹನ್ನೆರಡೂಕಾಲಿಗೆ ಹದಿನಾಲ್ಕು. ಆಗ ನನಗೆ ಲೆಕ್ಕ ಹೊಳೆಯಿತು. ಹದಿನೇಳು ಮುಗಿದರೆ ಪರಿಶೀಲನೆ ಮುಗಿಯಿತು. ಪರಿಶೀಲನೆ ಮುಗಿದರೆ ಶಾಖೆ ಮುಗಿಯಿತು. ಶಾಖೆ ಮುಗಿದರೆ ಸಾಹೇಬರಿಗೆ ತೂಕದ ಕಲ್ಲು, ನನಗೆ ಅಂಟು. ಸಾಹೇಬರ ಕಿವಿಯಲ್ಲಿ ಹೇಳಿದೆ. ಅವರು ಬೆರಳಿನಿಂದ ಮೆಕ್ಯಾನಿಕ್ಕರ ಭುಜ ತಟ್ಟಿದರು.

"ರೀ, ಸ್ವಲ್ಪ ನಿಧಾನ. ಒಂದು ಹೂಕುಂಡ ಬಿದ್ರೆ ಬೀಳಲಿ."

"ಹೇಗೆ ಸಾರ್ ಬೀಳಿಸ್ಲಿ? ಇಪ್ಪತ್ತೆಂಟು ವರ್ಷ ಆಯ್ತು." ಮೆಕ್ಯಾನಿಕ್ 'ಮೇಲೆ' ಗುಂಡಿ ಒತ್ತುತ್ತಲೇ ಇದ್ದರು.

ಹನ್ನೆರಡೂವರೆಗೆ ಪುಟ್ಟ ಮನುಷ್ಯ ಹದಿನೇಳನೇ ಮಹಡಿಯ ಹಳದಿ ಬಾಗಿಲ ಮುಂದೆ ನಿಂತ. ಇನ್ನೊಂದು ಹೆಜ್ಜೆ. ಜವಾನ ಪ್ಲಗ್ಗಿನ ಹತ್ತಿರ ಕೈ ಒಯ್ದ. ನಾನು ನಿಂತ ನಿಲುವಿನಲ್ಲೇ ಆದೇಶ ಬರೆದೆ: 'ವರ್ಷಕ್ಕೆ ಒಂದು ಮಹಡಿಗಿಂತ ಹೆಚ್ಚು ಏರತಕ್ಕದ್ದಲ್ಲ.' ಸಾಹೇಬರು ಉಳುಕಿದ ಕೈಯಲ್ಲೇ ಸಹಿ ಹಾಕಿದರು.

ಮೆಕ್ಯಾನಿಕ್ ಕಾಗದ ನೋಡಿದರು, ಬಾಗಿಲು ನೋಡಿದರು. "ಆದೇಶ ಆಗಿದೆಯಾ ಸಾರ್?"

"ಆಗಿದೆ."

ಅವರು ಕೋಲಿನಿಂದ ಕೈ ತೆಗೆದರು. ಹೌದು, ತೆಗೆದೇಬಿಟ್ಟರು. ಅವರ ಕಣ್ಣು ಒದ್ದೆಯಾಗಿತ್ತು. ಅಂಥ ನಿಯಮಪಾಲಕರನ್ನು ನಾನು ಇನ್ನು ಕಾಣಲಾರೆ.

ಅಷ್ಟರಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. "ಅಯ್ಯೋ, ಅಷ್ಟಕ್ಕೆ ಯಾಕೆ ಎಲ್ಲರೂ ಹೀಗೆ ಒದ್ದಾಡ್ತೀರಾ?" ಎಂದರು ಹೆಂಡತಿ, ಬಾಯಲ್ಲಿದ್ದ ಗುಂಡುಸೂಜಿ ತೆಗೆದು. "ಬಾಗಿಲು ತೆಗೀಲಿ ಬಿಡಿ. ಅದರ ಹಿಂದೆ ಇರೋದು ಒಂದನೇ ಮಹಡೀನೇ. ಮತ್ತೆ ಮೊದಲಿಂದ ಹತ್ತಬೇಕು. ಹೂಕುಂಡ ಸ್ವಲ್ಪ ಜೋರಾಗಿ ಬೀಳುತ್ತೆ, ಅಷ್ಟೇ."

ಜವಾನ ಪ್ಲಗ್ಗಿನಿಂದ ಕೈ ತೆಗೆದ.

"ನಿಮಗೆ ಹೇಗೆ ಗೊತ್ತು?" ಎಂದರು ಸಾಹೇಬರು.

"ಒಂದರಿಂದ ಎರಡರ ತನಕ ನೀವೆಲ್ಲ ಊಟಕ್ಕೆ ಹೋಗ್ತೀರಲ್ಲ. ಹೊಲಿಯೋಳು ನಾನು, ಬಿಚ್ಚೋಳು ನಾನು. ನಡುವೆ ಇನ್ನೊಂದು ಸಲ ಬಿಚ್ಚಿ ಹೊಲಿಯೋಕೆ ಎಷ್ಟು ಹೊತ್ತು?"

ಮೆಕ್ಯಾನಿಕ್ ತಿರುಗಿದರು. "ನೀನು ನೋಡಿದ್ಯಾ? ಬಾಗಿಲ ಹಿಂದೆ?"

"ಒಂಬತ್ತು ಸಲ."

"ನನಗೆ ಹೇಳಲೇ ಇಲ್ವಲ್ಲೇ."

"ಹೇಗೆ ಹೇಳ್ಲಿ? ಇಪ್ಪತ್ತೆಂಟು ವರ್ಷ ಕಾದವರಿಗೆ ಒಂದನೇ ಮಹಡಿ ಅಂತ ಹೇಗ್ರೀ ಹೇಳೋದು? ನೀವೇ ಕಣ್ಣಾರೆ ನೋಡ್ಲಿ ಅಂತ ಸುಮ್ನಿದ್ದೆ," ಎಂದರು. ಆ ಜೋರು ಬಾಯಿಯಿಂದ ಅಷ್ಟು ಮೆತ್ತಗಿನ ಮಾತು ನಾನು ಕೇಳಿದ್ದು ಅದೊಂದೇ ಸಲ.

ಸಾಹೇಬರು ಆದೇಶವನ್ನು ಹರಿದು ಕಸದ ಬುಟ್ಟಿಗೆ ಹಾಕಿ, "ತೆಗೀರಿ ಬಾಗಿಲು!" ಎಂದು ಕೂಗಿದರು. ಮೆಕ್ಯಾನಿಕ್ ತೆಗೆದರು. ಒಂದನೇ ಮಹಡಿ ಬಂತು. ಅವರು ಸುಮ್ಮನೆ ನೋಡುತ್ತಾ ನಿಂತರು. ಪುಟ್ಟ ಮನುಷ್ಯ ಮೂರು ಸಲ ತೀರಿಕೊಂಡ. ನನಗೆ ಅವರ ಮೇಲೆ ಕನಿಕರ ಬಂತು. ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ.

ಆದರೆ ಉಳಿದವರ ಸಂತೋಷಕ್ಕೆ ಪಾರವಿರಲಿಲ್ಲ. ಹದಿನೇಳರ ನಂತರ ಬರುವುದು ಗಣಿತದ ಪ್ರಕಾರ ಹದಿನೆಂಟು. ಹದಿನೆಂಟರ ನಂತರ ಹತ್ತೊಂಬತ್ತು. ಕಟ್ಟಕಡೆಯ ಮಹಡಿ ಇಲ್ಲದ ಲಿಫ್ಟಿಗೆ ಪರಿಶೀಲನೆಯೂ ಮುಗಿಯುವಂತಿಲ್ಲವೆಂದು ಬರೆದ ನನ್ನ ಟಿಪ್ಪಣಿ ಮೂರೇ ದಿನದಲ್ಲಿ ಮಂಜೂರಾಗಿ ಬಂತು. ಶಾಖೆ ಕಾಯಂ ಆಯಿತು. ಹೆಂಡತಿಯ ಮೇಲೆ ಕ್ರಮ ಜರುಗಿಸಲಿಲ್ಲ, ಊಟದ ಹೊತ್ತಿನಲ್ಲಿ ನಡೆದದ್ದು ಕಚೇರಿಯ ಮಟ್ಟಿಗೆ ನಡೆದಿಲ್ಲ. 'ಮಧ್ಯಾಹ್ನದ ಕೈ' ಹುದ್ದೆ ಕೊಡುತ್ತೇವೆಂದೆವು. ಇವತ್ತೇ ಮೂರು ಅಂಗಿ ಕೊಡಬೇಕು, ತಲೆ ತಿನ್ನಬೇಡಿ ಎಂದರು.

'ಅಧಿಕೃತ ಕೈ' ಹುದ್ದೆಯೂ ಕಾಯಂ. ಮೆಕ್ಯಾನಿಕ್ ಈಗ ದಿನಾ ಹನ್ನೊಂದಕ್ಕೆ ಅಡುಗೆಮನೆಯಿಂದ ಎದ್ದು ಬಂದು ಹಾಜರಿ ಹಾಕುತ್ತಾರೆ, ಐದರವರೆಗೆ ಹತ್ತುತ್ತಾರೆ. ಇಂದಿಗೆ ಇನ್ನೂರ ಹನ್ನೆರಡು ಮಹಡಿ ಮುಗಿದಿದೆ. ಕಳೆದ ಸೋಮವಾರ ನಾಲ್ಕು ದಿನದ ರಜೆ ಕೇಳಿ ಅರ್ಜಿ ಕೊಟ್ಟರು. ಕಾರಣ: 'ಸ್ವಲ್ಪ ದಿನ ಹೆಂಡತಿ ಜೊತೆ ಮನೆಯಲ್ಲಿರಬೇಕು.'

ಇಂದು ಪರಿಶೀಲಿಸಿ ಷರಾ ಬರೆದೆ: 'ಅರ್ಜಿದಾರರು ಈಗಾಗಲೇ ಮನೆಯಲ್ಲಿದ್ದಾರೆ. ರಜೆಯ ಅಗತ್ಯ ಕಂಡುಬರುವುದಿಲ್ಲ.'

ಅವರು ಅದನ್ನು ಎರಡು ಸಲ ಓದಿದರು. "ಅದೂ ಸರೀನೇ ಸಾರ್," ಎಂದರು. ತಲುಪಿದೆ ಎಂದು ಸಹಿ ಹಾಕಿ ಇನ್ನೂರ ಹದಿಮೂರನೇ ಮಹಡಿಗೆ ಹೊರಟರು.