ಗಡಿಕೆರೆಯ ಪ್ರಾಣಿ ಮತ್ತು ಹಂಚಿಲ್ಲದ ಶಾಲೆ

೧೯೯೪ರ ಏಪ್ರಿಲ್ ಹನ್ನೊಂದು, ಸೋಮವಾರ. ಬೆಳಗಿನಿಂದಲೇ ಸೆಕೆ. ಪಡುವಣಕ್ಕೆ ಮೋಡ ಕಟ್ಟಿತ್ತು, ಮಳೆ ಬರಲಿಲ್ಲ.

ಸೊರಬ, ಶಿಕಾರಿಪುರ ತಾಲ್ಲೂಕುಗಳ ಗಡಿಯಲ್ಲಿ ದನದ ಡಾಕ್ಟರಾಗಿದ್ದವನಿಗೆ ವಿಚಿತ್ರ ಕರೆಗಳು ತಪ್ಪುವುದಿಲ್ಲ. ನಾಲ್ಕು ಕಾಲಿನ ಯಾವ ತೊಂದರೆಯಿದ್ದರೂ ನಮ್ಮ ಆಸ್ಪತ್ರೆಗೇ ಬರುತ್ತದೆ. ಕಾಲೆಷ್ಟೆಂದು ಗೊತ್ತಿಲ್ಲದವೂ ಬರುತ್ತವೆ.

೧. ರೋಗಿ ಯಾರು?

ಅವತ್ತು ಬಂದವರು ಗಡಿಕೆರೆಯ ಶಿಕಾರಿಪುರದ ಕಡೆಯ ದಂಡೆಯಲ್ಲಿರುವ ಊರಿನ ಯಜಮಾನರು. ಹಣೆ ತುಂಬ ವಿಭೂತಿ, ಬಗಲಲ್ಲಿ ಕೊಡೆ.

ಬೇಸಿಗೆಯ ಕೊನೆಗೆ ನೀರು ತಗ್ಗಿದಾಗ ಆ ಕೆರೆಯಲ್ಲಿ ಕೆರೆಬೇಟೆ ನಡೆಯುತ್ತದೆ. ಸುತ್ತಲಿನ ಊರಿನವರೆಲ್ಲ ಕೂಣಿ ಹಿಡಿದು ಒಟ್ಟಿಗೆ ಇಳಿಯುತ್ತಾರೆ. ಕೂಣಿಯೆಂದರೆ ತಳವಿಲ್ಲದ ಬಿದಿರಿನ ಬುಟ್ಟಿ. ಅದರ ಅಗಲ ಬಾಯಿಯನ್ನು ಕೆಸರಿಗೆ ಒತ್ತಿ, ಮೇಲಿನ ಕಿರುಬಾಯಿಯಿಂದ ಕೈಯಿಳಿಸಿ ಮೀನು ಹಿಡಿಯಬೇಕು. ಕೂಣಿಗಿಷ್ಟು ಎಂದು ಊರಿಗೆ ಕಾಣಿಕೆ ಸಲ್ಲುತ್ತದೆ. ಆ ವರ್ಷದ ಕಾಣಿಕೆ ಶಾಲೆಯ ಸೂರಿಗೆ. ಅದನ್ನೇ ನಂಬಿ ಯಜಮಾನರು ಹಳೆಯ ಹಂಚುಗಳನ್ನು ಆಗಲೇ ಇಳಿಸಿಬಿಟ್ಟಿದ್ದರು. ಬೇಟೆ ನಿಂತರೆ ಜೂನ್ ತಿಂಗಳಲ್ಲಿ ಮಕ್ಕಳು ಮಳೆಯಲ್ಲಿ ಕೂರಬೇಕು.

“ಕೆರ್‍ಯಾಗ ಏನೋ ಒಂದು ಪ್ರಾಣಿ ಸೇರ್ಕೊಂಡೇತಿ ಅಂತ ಗುಲ್ಲಾಗೇತ್ರಿ ಡಾಕ್ಟ್ರೇ. ಯಾರೂ ನೀರಿಗೆ ಇಳಿಯೋದಿಲ್ಲ ಅಂತಾರ. ನೀವು ಬಂದು ನೋಡಬೇಕು.”

“ನಾನು ಕಾಯಿಲೆ ನೋಡುವವನು. ಅದಕ್ಕೇನಾಗಿದೆ?”

“ಅದಕ್ಕೇನಾಗೇತಿ! ಅದು ಗಟ್ಟಿಮುಟ್ಟಾಗೇ ಐತಂತ್ರಿ. ಹಾಸಿಗೆ ಹಿಡಿದಿರೋದು ನಮ್ಮೂರು.”

೨. ಕಣ್ಣಾರೆ ಕಂಡವರು

ಊರಿಗೆ ಹೋದೆ. ಚಹದಂಗಡಿಯ ಮುಂದೆ ಕೂತು ಒಬ್ಬೊಬ್ಬರನ್ನೇ ಕೇಳಿದೆ. ಎಷ್ಟು ದೊಡ್ಡದು? ಮೊದಲನೆಯವನು ಎಮ್ಮೆಯಷ್ಟು ಎಂದ. ಅದನ್ನು ಕೇಳಿಸಿಕೊಂಡ ಎರಡನೆಯವನು ಎರಡು ಎಮ್ಮೆಯಷ್ಟು ಎಂದ. ತಡವಾಗಿ ಬಂದ ಮೂರನೆಯವನು ಟವೆಲು ಕೊಡವಿ ಕೂತು ಪಕ್ಕದವನನ್ನು ಕೇಳಿದ: “ಇಲ್ಲೀಗಂಟ ಎಷ್ಟಾಗೇತಿ?”

ಇವರ ನಡುವೆ ಸ್ಪಷ್ಟವಾಗಿ ಹೇಳಿದವಳು ಒಬ್ಬ ಅಜ್ಜಿ, ಸೊರಬದ ಕಡೆಯವಳು. ಪ್ರಾಣಿಯ ಕಣ್ಣು, ಮೀಸೆ, ಬೆನ್ನಿನ ಗರಗಸ, ಉಸಿರಿನ ವಾಸನೆ, ಒಂದನ್ನೂ ಬಿಡಲಿಲ್ಲ.

“ನೀವು ನೋಡಿದ್ದು ಯಾವಾಗ ಅಜ್ಜಿ?”

“ನಾನೆಲ್ಲಿ ನೋಡ್ದೆ ಮಾರಾಯಾ? ನೋಡಿದ್ರೆ ಹೆದರಿಕೇಲಿ ಇಷ್ಟೆಲ್ಲ ನೆನಪಿರ್ತಿತ್ತಾ?”

೩. ಕೆರೆ ದಾನ

ಗಡಿಕಲ್ಲು ಇರುವುದು ಕೆರೆಯ ಮಧ್ಯದಲ್ಲಿ. ಹೂಳು ತೆಗೆಯುವಾಗ, ನೀರು ಬಿಡುವಾಗ, ಎರಡು ದಂಡೆಗಳ ಊರಿನವರೂ ‘ಕೆರೆ ನಮ್ಮದು’ ಎಂದು ತಲೆಮಾರುಗಳಿಂದ ಜಗಳವಾಡಿದ್ದರು. ಪ್ರಾಣಿ ಬಂದ ಮೇಲೆ ನಡೆದ ಪಂಚಾಯ್ತಿಗೆ ನನ್ನನ್ನೂ ಕೂರಿಸಿದರು.

“ಯೋಚ್ನೆ ಮಾಡಿದ್ರೆ ಕೆರೆ ನಿಮ್ದೇ ಅನ್ಸುತ್ತೆ,” ಎಂದರು ಸೊರಬದ ಕಡೆಯವರು.

“ಛೇ, ಛೇ! ಹಿರಿಯರ ಕಾಲದಿಂದ ನಿಮ್ದೇ ಐತಲ್ರೀ,” ಎಂದರು ಶಿಕಾರಿಪುರದ ಕಡೆಯವರು.

ಅಷ್ಟು ಮರ್ಯಾದೆಯ ಪಂಚಾಯ್ತಿಯನ್ನು ನಾನು ಮತ್ತೆ ಕಂಡಿಲ್ಲ. ಯಾರೂ ಸೋಲಲಿಲ್ಲ, ಕೆರೆ ಅನಾಥವಾಯಿತು.

೪. ಕುತ್ತಿಗೆ

ನೋಡದೆ ಬಿಡುವುದಿಲ್ಲ ಎಂದು ಬೆಳಗಿನ ಹೊತ್ತು ಏರಿಯ ಮೇಲೆ ಕೂತೆ. ಯಜಮಾನರೂ ಜೊತೆಗಿದ್ದರು. ನೀರಿನಿಂದ ಒಂದು ಉದ್ದನೆಯ ಕುತ್ತಿಗೆ ಎದ್ದಿತು. ಸುತ್ತ ನೋಡಿತು, ಮುಳುಗಿತು. ಯಜಮಾನರು ನನ್ನ ತೋಳು ಹಿಡಿದರು. ಸ್ವಲ್ಪ ಹೊತ್ತಿಗೆ ಅದು ಗಡಿಕಲ್ಲಿನ ಮೇಲೆ ಹತ್ತಿ, ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸತೊಡಗಿತು. ಹಾವಕ್ಕಿ. ಮೈಯನ್ನು ನೀರೊಳಗಿಟ್ಟು ಕುತ್ತಿಗೆಯನ್ನಷ್ಟೇ ಮೇಲಿಟ್ಟು ಈಜುವ ಹಕ್ಕಿ. ಗುಡವಿ ಪಕ್ಷಿಧಾಮದ ಕಡೆಯಿಂದ ಬಂದಿರಬೇಕು.

“ಇದೇ ನಿಮ್ಮ ಪ್ರಾಣಿ,” ಎಂದೆ.

“ಅಲ್ರಿ.”

“ಹೇಗೆ ಹೇಳುತ್ತೀರಿ?”

ಯಜಮಾನರು ಕೊಡೆಯ ತುದಿಯಿಂದ ಮಣ್ಣು ಕೆದಕಿದರು. “ಪ್ರಾಣಿನ ಹುಟ್ಟಿಸಿದವ ನಾನೇ. ಹೋದ ವರ್ಷ ಬೇಟೆಗೆ ಮುಂಚೇನೇ ಕಳ್ಳರು ಮೀನು ಬಳ್ಕೊಂಡು ಹೋಗಿದ್ರು. ಈ ಸಲ ಹೆದರಲಿ ಅಂತ ಚಾದಂಗಡ್ಯಾಗ ಒಂದು ಮಾತು ಬಿಟ್ಟೆ.”

“ಹಾಗಾದರೆ ಸುಳ್ಳು ಎಂದು ಹೇಳಿಬಿಡಿ.”

“ಹೇಳಿದೆ ಸ್ವಾಮಿ, ದೇವರ ಮುಂದೆ ನಿಂತು ಹೇಳಿದೆ. ‘ಪಾಪ, ಯಜಮಾನ್ರು ನಮಗೆ ಧೈರ್ಯ ತುಂಬಾಕ ಸುಳ್ಳು ಹೇಳ್ತಾರ’ ಅಂತ ಎಲ್ರೂ ಕಣ್ಣೀರು ಹಾಕಿದ್ರು.”

೫. ಯಜಮಾನರ ಬೇಟೆ

ಉಳಿದಿದ್ದು ಒಂದೇ ದಾರಿ. ಯಜಮಾನರು ತಾವೇ ಮೊದಲು ಇಳಿಯುವುದಾಗಿ ಸಾರಿದರು. ಇದು ಸಣ್ಣ ಮಾತಲ್ಲ. ಅವರ ಮನೆತನದಲ್ಲಿ ಮೀನು ತಿನ್ನುವುದಿರಲಿ, ಮುಟ್ಟುವುದೂ ಇಲ್ಲ. ಕೆರೆ ಕಾಯುವ ಹೊಣೆಯನ್ನು ಊರು ಅವರಿಗೆ ಒಪ್ಪಿಸಿದ್ದೇ ಆ ಕಾರಣಕ್ಕೆ.

ಬೇಟೆಯ ದಿನ ಏರಿಯ ಮೇಲೆ ಎರಡೂ ತಾಲ್ಲೂಕಿನ ಜನ ಕೂಣಿ ಹೊತ್ತು ನಿಂತಿದ್ದರು. ಕಾಣಿಕೆ ಯಾರೂ ಕೊಟ್ಟಿರಲಿಲ್ಲ. ಬದುಕಿ ಬಂದರೆ ನೋಡೋಣ ಎಂಬ ಲೆಕ್ಕ. ಯಜಮಾನರು ಪಂಚೆ ಎತ್ತಿ ಕಟ್ಟಿ, ಎರವಲು ಕೂಣಿ ಹಿಡಿದು ಸೊಂಟದವರೆಗೆ ನಡೆದರು. ಏನೂ ಇಲ್ಲವೆಂದು ತೋರಿಸಲು ಕೂಣಿಯನ್ನು ಕೆಸರಿಗೆ ಒತ್ತಿದರು.

ಕೂಣಿ ಅವರನ್ನು ಎತ್ತಿ ಕುಣಿಸಿತು.

ಒಳಗೆ ಮೀನು ಸಿಕ್ಕಿತ್ತು. ಕೈಹಾಕಿ ತೆಗೆಯಬೇಕು, ಮುಟ್ಟುವಂತಿಲ್ಲ. ಬಿಟ್ಟರೆ, ಏನೋ ಇತ್ತು ಎಂದು ಜನ ಹೇಳುತ್ತಾರೆ. ಯಜಮಾನರು ಬಿಡಲಿಲ್ಲ. ಕೂಣಿಯನ್ನು ಎದೆಗೆ ಅವುಚಿಕೊಂಡು ಕೂಗಿದರು: “ಬರ್‍ರೋ! ಯಾರಾದ್ರೂ ಬಂದು ಹಿಡೀರೋ!”

ಏರಿಯ ಮೇಲಿದ್ದ ಅರ್ಧ ಜನ ಓಡಿದರು. ಮೀಸೆಯ ವರ್ಣನೆ ಕೊಟ್ಟ ಅಜ್ಜಿ ಮಾತ್ರ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು.

“ಅಯ್ಯೋ ಮಂಕುಗಳ್ರಾ! ಅದು ಅವ್ರನ್ನ ಹಿಡ್ದಿಲ್ಲ, ಅವ್ರೇ ಅದನ್ನ ಹಿಡ್ದಾರೆ!”

ಸೀರೆ ಕಚ್ಚೆ ಹಾಕಿ ಇಳಿದೇಬಿಟ್ಟಳು. ಕೂಣಿಗೆ ಕೈ ಹಾಕಿದಳು, ಬೈದಳು, ಎಳೆದಳು. ತೋಳುದ್ದದ ಕಾಟ್ಲಾ ಮೀನು ಬಿಸಿಲಿಗೆ ಮಿಂಚಿತು. ಅದರ ಗಾತ್ರ ಕಂಡ ಜನ, ಅದರ ಅಣ್ಣತಮ್ಮಂದಿರು ಪಕ್ಕದವನ ಪಾಲಾದಾರು ಎಂಬ ಭಯದಲ್ಲಿ ಮಿಕ್ಕೆಲ್ಲ ಭಯವನ್ನೂ ಮರೆತರು. ಕಾಣಿಕೆಯ ಡಬ್ಬಿ ಹಿಡಿದವನನ್ನು ತಳ್ಳಾಡಿ ದುಡ್ಡು ಹಾಕಿ ಧುಮುಕಿದರು. ಮಳೆಗೆ ಮೊದಲು ಶಾಲೆಗೆ ಹಂಚು ಬರುವುದು ಅಲ್ಲಿಗೆ ಖಾತ್ರಿಯಾಯಿತು.

ಸಂಜೆ ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ನನ್ನ ಹೆಂಡತಿ ಕೇಳಿದಳು: “ಮೀನು ಯಾರಿಗೆ ಹೋಯಿತು?”

“ಯಾರ ಕೂಣಿಗೆ ಬಿತ್ತೋ ಅವರಿಗೇ ಸೇರಬೇಕು, ಅದು ಬೇಟೆಯ ಕಟ್ಟಳೆ. ಯಜಮಾನರು ಬೇಡವೆಂದು ಅಜ್ಜಿಗೆ ಕೊಟ್ಟರು. ಬಿಟ್ಟಿ ಒಯ್ಯುವುದಿಲ್ಲ ಎಂದು ಅಜ್ಜಿಯೂ ಹಟ ಹಿಡಿದಳು. ಮೀನಿನ ಉದ್ದ ಅಳೆದು, ತನ್ನ ಹಿತ್ತಿಲಿನಿಂದ ಅಷ್ಟೇ ಉದ್ದದ ಪಡವಲಕಾಯಿ ತಂದುಕೊಟ್ಟಳು.”

“ನಿಮಗೇನು ಕೊಟ್ಟರು? ಅಷ್ಟು ಓಡಾಡಿದ್ದಕ್ಕೆ?”

ಚೀಲದಿಂದ ತೆಗೆದು ಮುಂದಿಟ್ಟೆ.

“ಆ ಪಡವಲಕಾಯಿಯಲ್ಲಿ ಅರ್ಧ. ಬಾಲದ ಕಡೆಯದು.”