ಕೊಕ್ಕರೆ ಹಾರಿಸಲು ಹೊರಟ ಮಾವ

ಇಡೀ ಜಗತ್ತು ತನ್ನ ಕಂಪ್ಯೂಟರ್ ಇನ್ನೂ ಸ್ವಲ್ಪ ಜೋರಾಗಿ ಓಡಲಿ ಎಂದು ಒದ್ದಾಡುತ್ತಿರುವಾಗ, ಹೊಚ್ಚ ಹೊಸ ಲ್ಯಾಪ್‌ಟಾಪನ್ನು ಕಂಕುಳಲ್ಲಿ ಅವುಚಿಕೊಂಡು ಹೊಳೆನರಸೀಪುರದಿಂದ ಹಾಸನಕ್ಕೆ ಬಸ್ಸಿನಲ್ಲಿ ಬಂದು, "ಇದು ವಿಪರೀತ ಜೋರು, ಸ್ವಲ್ಪ ನಿಧಾನ ಮಾಡ್ಕೊಡಿ" ಎಂದು ಅಂಗಡಿಯವನನ್ನು ಕೇಳಿದ ಮಹಾನುಭಾವ ಭೂಮಿಯ ಮೇಲೆ ಒಬ್ಬರೇ ಇದ್ದಾರೆ. ಅವರು ನನ್ನ ಸೋದರಮಾವ! ನಂಬದಿದ್ದರೆ ಬಿಡಿ, ಪಕ್ಕದಲ್ಲೇ ನಿಂತಿದ್ದ ನನಗೇ ನಂಬಲಾಗಲಿಲ್ಲ.

ಅಂಗಡಿಯವನು ಮೊದಲು ಮಾವನ ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ.

"ನಿಧಾನ ಆಗೈತೆ, ಜೋರ್ ಮಾಡು ಅಂತ ತಾನೆ ಸಾ?"

"ಅಲ್ಲ ಕಣಪ್ಪ. ಜೋರಾಗೈತೆ, ನಿಧಾನ ಮಾಡು."

"ಅದ್ಕೆ ನಾನೇನೂ ಮಾಡೋದ್ ಬ್ಯಾಡ ಸಾ. ಎಲ್ಡು ವರ್ಸ ಮನೇಲಿ ಮಡಿಕಳಿ, ಅದೇ ಆಯ್ತದೆ!"

ಮಾವ ನಗಲಿಲ್ಲ. ಅವರಿಗೆ ಎರಡು ವರ್ಷ ಕಾಯುವಷ್ಟು ಪುರಸೊತ್ತು ಇರಲಿಲ್ಲ.

ಇದರ ಹಿಂದಿನದನ್ನು ಹೇಳದಿದ್ದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ. ಮಾವ ಗೊರೂರಿನಲ್ಲಿ ನೀರಾವರಿ ಇಲಾಖೆಯ ಕೆಲಸದಲ್ಲಿದ್ದಾಗ ಕ್ವಾರ್ಟರ್ಸಿಗೆ ಒಂದು ಕಂಪ್ಯೂಟರ್ ತಂದರು. ಅದರ ಜೊತೆಗೆ ಒಂದು ಫ್ಲಾಪಿ ಬಂತು, ಫ್ಲಾಪಿಯಲ್ಲಿ ಒಂದು ಆಟ. ಪರದೆಯ ಮೇಲೆ ಒಂದು ಕೊಕ್ಕರೆ, ಎದುರಿನಿಂದ ಮೊಸಳೆಗಳು. ಸ್ಪೇಸ್ ಬಾರ್ ಒತ್ತಿದರೆ ಕೊಕ್ಕರೆ ಹಾರುತ್ತದೆ, ಒತ್ತದಿದ್ದರೆ ಮೊಸಳೆಯ ಹೊಟ್ಟೆ ಸೇರುತ್ತದೆ. ಇಷ್ಟೇ! ಮಾವ ಅದನ್ನು ಒಂದು ದಿನವೂ ಆಡಿದವರಲ್ಲ. ಆಡುತ್ತಿದ್ದದ್ದು ನಮ್ಮ ಅತ್ತೆ. ಒಲೆಯ ಮೇಲೆ ಹುರುಳಿಕಾಳು ಇಟ್ಟು ಆಟಕ್ಕೆ ಕೂತರೆಂದರೆ, ಕಾಳು ಸೀದ ವಾಸನೆ ಸಾಲಿನ ಕೊನೆಯ ಮನೆಗೆ ಮುಟ್ಟಿ ಆ ಮನೆಯವರು ಬಂದು ಕೂಗಬೇಕು, ಆಗ ಎದ್ದಾರು.

ಆಮೇಲೆ ಬಂತು ನೋಡಿ ಆಯುಧಪೂಜೆ! ಮಾವ ಸ್ಕೂಟರಿಗೆ, ಕುಡುಗೋಲಿಗೆ, ಅಳತೆಯ ಟೇಪಿಗೆ, ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟರು. ಫ್ಲಾಪಿಗೂ ಇಟ್ಟರು. ಮೇಲಿನ ಪ್ಲಾಸ್ಟಿಕ್ಕಿಗೆ ಇಟ್ಟು ಕೈಮುಗಿದಿದ್ದರೆ ಯಾವ ತೊಂದರೆಯೂ ಇರಲಿಲ್ಲ. ಆದರೆ ಮಾವನ ಭಕ್ತಿ ಅಷ್ಟಕ್ಕೆ ನಿಲ್ಲುತ್ತದೆಯೇ? "ಬೆನ್ನಿಗೆ ಯಾರಾದ್ರೂ ಪೂಜೆ ಮಾಡ್ತಾರಾ? ಮುಖಕ್ಕೆ ಮಾಡ್ಬೇಕು" ಎಂದು ಪುಟ್ಟ ತಗಡಿನ ಬಾಗಿಲು ಸರಿಸಿ, ಒಳಗಿನ ಕಪ್ಪು ತಟ್ಟೆಗೇ ಒದ್ದೆ ಕುಂಕುಮ ಮೆತ್ತಿದರು. ಮಂಗಳಾರತಿ ಮುಗಿಯುವ ಹೊತ್ತಿಗೆ ಕೊಕ್ಕರೆಯೂ ಇಲ್ಲ, ಮೊಸಳೆಯೂ ಇಲ್ಲ!

ಅದೆಲ್ಲ ಹಳೇ ಮಾತು. ಮಾವ ರಿಟೈರಾಗಿ ಹೊಳೆನರಸೀಪುರಕ್ಕೆ ಬಂದರು. ಹೋದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಕೈಗೆ ಕೆಲಸ ಕೊಡುತ್ತಿದ್ದರೆ ಕೈ ಬರುತ್ತದೆ, ಮಾತೂ ಬರಬಹುದು, ಆದರೆ ಅವರಿಗೇ ಮನಸ್ಸು ಬರಬೇಕು ಎಂದರು ಡಾಕ್ಟರು. ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟರು. ಅತ್ತೆ ಅದನ್ನು ಕೈಯಿಂದ ಜಾರಲು ಬಿಟ್ಟು ಗೋಡೆಯ ಕಡೆ ಮುಖ ತಿರುಗಿಸಿದರು. ಮತ್ತೆ ಕೊಟ್ಟರೆ ಮತ್ತೆ ಅದೇ.

ಇಂಥ ಹೊತ್ತಿನಲ್ಲಿ ಗಂಡನಾದವನು ಏನು ಮಾಡಬೇಕು? ನಮ್ಮ ಮಾವ ಹೊಸ ಲ್ಯಾಪ್‌ಟಾಪ್ ತಂದು, ಹಳೇ ಆಟಗಳನ್ನು ಹುಡುಕುತ್ತಾ ಕೂತರು! ಬಂಧುಬಳಗವೆಲ್ಲ ದಂಗಾಯಿತು. ಅವರ ಅಕ್ಕ, ಅಂದರೆ ನನ್ನ ಅಮ್ಮ, ಹಾಸನದಿಂದಲೇ ಫೋನಿನಲ್ಲಿ ಹೊಳೆನರಸೀಪುರಕ್ಕೆ ಕೇಳುವಂತೆ ಕೂಗಾಡಿದಳು. ಫೋನ್ ಇಲ್ಲದಿದ್ದರೂ ಕೇಳುತ್ತಿತ್ತೇನೋ.

"ಯೆಂಡ್ತಿ ಅಂಗ್ ಮನಗವ್ಳೆ, ನೀನು ಕಂಪ್ಯೂಟ್ರಲ್ಲಿ ಆಟ ಆಡ್ತಾ ಕುಂತಿದ್ದೀಯಲ್ಲೋ! ಜನ ಏನಂದಾರು ಕಣ್ಲಾ?"

"ನಂಗಲ್ಲ ಕಣಕ್ಕಾ, ಅವ್ಳಿಗೆ. ಚೆಂಡು ಇಸುಕು ಅಂದ್ರೆ ಇಸುಕಾಕಿಲ್ಲ. ಮೊಸ್ಳೆ ಬಂದ್ರೆ ಮಾತ್ರ ಸುಮ್ಕಿರಾಕಿಲ್ಲ ಅವ್ಳು, ನಂಗೊತ್ತು."

"ತಲೆ ಕೆಟ್ಟದೆ ಇವ್ನಿಗೆ" ಎಂದು ಅಮ್ಮ ಫೋನಿಟ್ಟಳು. ನಿಜ ಹೇಳುತ್ತೇನೆ, ನನಗೂ ಹಾಗೇ ಅನ್ನಿಸಿತು.

ಹಿಂದೆ ಕಂಪ್ಯೂಟರ್ ಮಾರಿದವರು ಚನ್ನರಾಯಪಟ್ಟಣದವರು. ಆ ಅಂಗಡಿ ಈಗ ಹಿಟ್ಟಿನ ಗಿರಣಿಯಾಗಿದೆ. ಗಿರಣಿಯ ಸದ್ದಿನ ನಡುವೆ ಮಾವ ಕೊಕ್ಕರೆ, ಮೊಸಳೆ ಎಂದೆಲ್ಲ ಕಿರುಚಿ ವಿವರಿಸಿದ ಮೇಲೆ ಅವರಿಗೆ ನೆನಪಾಯಿತು. "ಓ, ಅದಾ! ಆಮ್ಯಾಕೆ ಅದು ಸಿಡೀಲೂ ಬಂದಿತ್ತು. ಉಳಿದಿದ್ ಸಿಡಿಯೆಲ್ಲ ನಮ್ಮ ಬಾಮೈದ ತಗಂಡೋದ, ಅರಕಲಗೂಡ್ ತಾವ ಜ್ವಾಳದ ಹೊಲಕ್ಕೆ!"

ಜೋಳದ ಹೊಲಕ್ಕೆ ಸಿಡಿ ಏಕೆ ಎಂದು ಕೇಳಬೇಡಿ. ಗಿಣಿ ಓಡಿಸಲು! ದಾರ ಕಟ್ಟಿ ತೂಗುಬಿಟ್ಟರೆ ಬಿಸಿಲಿಗೆ ಫಳಫಳ ಹೊಳೆಯುತ್ತವೆ, ಗಿಣಿಗಳು ಹೆದರುತ್ತವೆ. ನನ್ನ ಬೈಕಿನಲ್ಲೇ ಹೋದೆವು. ನಾನು ಬೈಕ್ ನಿಲ್ಲಿಸುವುದರೊಳಗೆ ಮಾವ ಪ್ಯಾಂಟು ಮಡಿಸಿ ಹೊಲದೊಳಗೆ ನುಗ್ಗಿ, ಒಂದೊಂದೇ ಸಿಡಿಯನ್ನು ತಿರುಗಿಸಿ, ಕನ್ನಡಕ ಹಣೆಗೇರಿಸಿ ಓದತೊಡಗಿದರು. ಹಿಂದಿನಿಂದ ಗುಡುಗಿತು ಒಂದು ದನಿ.

"ಯಾವನ್ಲಾ ಅವ್ನು, ಜ್ವಾಳ ಮುರೀತಿರೋನು?"

"ಮುರೀತಿಲ್ಲ ಕಣಪ್ಪ, ಓದ್ತಾ ಇದೀನಿ!"

ದೊಣ್ಣೆ ಹಿಡಿದು ಬಂದ ಹೊಲದ ಯಜಮಾನರು ಈ ಉತ್ತರಕ್ಕೆ ದೊಣ್ಣೆ ಕೆಳಗಿಟ್ಟರು. ಎಲ್ಲ ಕೇಳಿ, ಅತ್ತೆಯ ವಿಷಯಕ್ಕೆ ಲೊಚಗುಟ್ಟಿ, ಕೊಕ್ಕರೆಯಾಟದ ಸಿಡಿ ಕೊನೆಗೂ ಸಿಕ್ಕಾಗ ಅವರೇ ಅದರ ದಾರ ಬಿಚ್ಚಿಕೊಟ್ಟರು. "ತಗಂಡೋಗಿ ಸಾ. ಗಿಣಿ ಏನಾರ ಬಂದ್ರೆ ಫೋನ್ ಮಾಡ್ತೀನಿ, ನೀವೇ ಬಂದು ಈ ಜಾಗದಾಗೆ ನಿಂತ್ಕಳಿ!"

ಅವರೆ ಬಳ್ಳಿಯ ನೆರಳಲ್ಲಿದ್ದುದರಿಂದ ಬಿಸಿಲಿಗೆ ಸುಟ್ಟಿರಲಿಲ್ಲ ಆ ಸಿಡಿ. ಮಾವ ಅದಕ್ಕೆ ಎಳೆಗೂಸಿನ ಹಾಗೆ ಸ್ನಾನ ಮಾಡಿಸಿ, ಹಳೇ ಪಂಚೆಯಲ್ಲಿ ಒರೆಸಿದರು. ಹಾಕೋಣವೆಂದರೆ ಹೊಸ ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಬಾಯೇ ಇಲ್ಲ! ಹೊರಗಿನಿಂದ ಜೋಡಿಸುವ ಪೆಟ್ಟಿಗೆ ತರಿಸಿದ್ದಾಯಿತು. ಆಗ, ಈ ಪ್ರೋಗ್ರಾಂ ನಿಮ್ಮ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ ಎಂದಿತು ಪರದೆ. "ನಿಮ್ಮಪ್ಪನ ಕಾಲದ್ದು ಕಣ್ಲಾ ಇದು, ಮರ್ವಾದೆ ಕೊಡು!" ಎಂದು ಮಾವ ಲ್ಯಾಪ್‌ಟಾಪಿಗೆ ಗದರಿದರು. ಅದು ಕೊಡಲಿಲ್ಲ. ಮಾವನೂ ಬಿಡಲಿಲ್ಲ. ಹೊಸ ಕಂಪ್ಯೂಟರಿನೊಳಗೆ ಕೂತು ಹಳೇ ಕಂಪ್ಯೂಟರಿನಂತೆ ನಟಿಸುವ ಒಂದು ತಂತ್ರಾಂಶ ಇದೆಯೆಂದು ವಿಡಿಯೋ ನೋಡಿ ಕಲಿತು, ಅದನ್ನು ಹಾಕಿಕೊಂಡು, ಅದರೊಳಗೆ ಆಟ ಹಚ್ಚಿದರು. ಹತ್ತಿತು! ಆದರೆ ಎಂಥ ವೇಗ! ನೀವು ಕಣ್ಣು ಮಿಟುಕಿಸುವುದರೊಳಗೆ ಮೊಸಳೆ ಕೊಕ್ಕರೆಯನ್ನು ನುಂಗಿ, ಜೀರ್ಣಿಸಿಕೊಂಡು, ಇನ್ನೊಂದಕ್ಕೆ ಬಾಯಿ ತೆರೆದಿರುತ್ತಿತ್ತು. ಹಾಗಾಗಿ ಹಾಸನದ ಅಂಗಡಿಗೆ ಆ ಸವಾರಿ. ಅಂಗಡಿಯವನು ನಕ್ಕು ಮುಗಿಸಿದ ಮೇಲೆ, ಆ ತಂತ್ರಾಂಶದೊಳಗೇ ವೇಗ ಇಳಿಸುವ ಗುಂಡಿಗಳನ್ನು ತೋರಿಸಿದ.

ಮರುದಿನ ಬೆಳಿಗ್ಗೆ ನಾನೂ ಹೊಳೆನರಸೀಪುರದಲ್ಲಿದ್ದೆ. ಮಾವ ಅತ್ತೆಯನ್ನು ದಿಂಬಿಗೆ ಒರಗಿಸಿ ಕೂರಿಸಿ, ಲ್ಯಾಪ್‌ಟಾಪನ್ನು ಮಣೆಯ ಮೇಲಿಟ್ಟು, ಅವರ ಬಲಗೈಯನ್ನು ಎತ್ತಿ ಸ್ಪೇಸ್ ಬಾರಿನ ಮೇಲಿಟ್ಟರು. ಮೊಸಳೆ ಬಂತು. ಬೆರಳು ಅಲುಗಲಿಲ್ಲ. ಕೊಕ್ಕರೆ ಹೋಯಿತು. ಮತ್ತೆ ಹಚ್ಚಿದರು, ಮತ್ತೆ ಹೋಯಿತು. ಅತ್ತೆಯ ಕಣ್ಣು ಮಾತ್ರ ಗೋಡೆಯ ಕಡೆ ಹೋಗದೆ ಪರದೆಯ ಮೇಲೇ ಇತ್ತು. ಮಾವನಿಗೆ ತಡೆಯಲಾಗಲಿಲ್ಲ.

"ಬಂತು ಕಣೇ, ಮೊಸ್ಳೆ ಬಂತು! ಒತ್ತು! ಅಯ್ಯೋ ಒತ್ತೇ! ಈಗ... ಈಗ ಒತ್ತು! ಓಯ್ತು, ಓಯ್ತು..."

ಬೆರಳು ಅಲುಗಿತು. ಕೊಕ್ಕರೆ ಹಾರಿತು. ಅತ್ತೆ ಮೆಲ್ಲಗೆ ಮಾವನ ಕಡೆ ತಿರುಗಿ, ಸೊಟ್ಟಗಾಗಿದ್ದ ತುಟಿಯನ್ನು ಎಳೆದೆಳೆದು ಹೇಳಿದರು.

"ಸು... ಸುಮ್ಕಿರ್ರೀ..."

ಮಾವ ಬಾಯಿಗೆ ಟವೆಲ್ ಒತ್ತಿಕೊಂಡು ಜಗುಲಿಗೆ ಓಡಿದರು. ಅಲ್ಲಿಂದಲೇ ನನ್ನ ಅಮ್ಮನಿಗೆ ಫೋನ್ ಮಾಡಿದರು.

"ಅಕ್ಕಾ... ನಂಗೆ ಸುಮ್ಕಿರ್ರೀ ಅಂದ್ಬುಟ್ಲು ಕಣಕ್ಕಾ!"

ಆ ಕಡೆಯಿಂದ ಅಮ್ಮ ಅಳುತ್ತಾ ಕೇಳಿದಳು.

"ಏನಂದ್ಲು? ಇನ್ನೊಂದ್ ಸಲ ಏಳ್ಲಾ."

ಮಾವ ಇನ್ನೊಂದು ಸಲ ಹೇಳಿದರು.